ಒಂದು ಮನೆಗೆ ಎರಡು ಗಾಡಿ ಎಂತಕ್ಕೆ?

ನಮ್ಮ ಮನೆಯಲ್ಲಿ ಖರ್ಚು ಕಡಿಮೆ ಮಾಡುವ ಕಾರ್ಯಕ್ರಮ ಶುರುವಾದದ್ದು ಉಪ್ಪಿನಕಾಯಿಯಿಂದ. ಅದು ಅಲ್ಲಿಂದ ನಡೆದುಕೊಂಡು ಬಂದು ನನ್ನ ಸ್ಕೂಟರಿನ ಹತ್ತಿರ ನಿಂತಿತು. ನಗುವವರು ನಗಬಹುದು, ನನಗೆ ಬೇಜಾರಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ನಗಿ.

ನನ್ನ ಗಂಡ ಇಪ್ಪತ್ನಾಲ್ಕು ವರ್ಷ ಗಲ್ಫಿನಲ್ಲಿದ್ದವರು. ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್. ವರ್ಷಕ್ಕೊಮ್ಮೆ ಮೂವತ್ತು ದಿನದ ರಜೆಯಲ್ಲಿ ಬರ್ತಿದ್ರು. ಆ ಮೂವತ್ತು ದಿನ ಇವರು ನೆಂಟರ ಹಾಗೆ. ಒಳ್ಳೆಯ ಮೀನು, ಒಳ್ಳೆಯ ಬೆಡ್‌ಶೀಟು, ಯಾರೂ ಯಾರಿಗೂ ಬೈಯುವ ಹಾಗಿಲ್ಲ. ಹೋದ ವರ್ಷ ಕಂಪೆನಿಯವರು ಇನ್ನು ಸಾಕು ಅಂದ್ರು, ಇವರಿಗೂ ಸಾಕಾಗಿತ್ತು. ಎರಡು ಪೆಟ್ಟಿಗೆ ಹಿಡಿದುಕೊಂಡು ಕಾಪುವಿನ ನಮ್ಮ ಮನೆಗೆ ಬಂದುಬಿಟ್ರು. ಬಂದ ತಿಂಗಳೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ರು. ಬಿಳಿ ಬಣ್ಣದ್ದು.

ಮನೆಯಲ್ಲಿ ನಾವು ಮೂವರು. ಇವರು, ನಾನು, ಇವರ ತಾಯಿ. ನಮ್ಮ ಕೊಂಕಣಿಯಲ್ಲಿ ತಾಯಿಯೂ ಮಾಂಯ್, ಅತ್ತೆಯೂ ಮಾಂಯ್. ಹಾಗಾಗಿ ಇವರಿಗೂ ಮಾಂಯ್, ನನಗೂ ಮಾಂಯ್. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಾಳೆ, ಈ ಕತೆಗೆ ಅವಳ ಅಗತ್ಯ ಇಲ್ಲ.

ಬಂದ ಎರಡನೇ ವಾರ ಇವರು ಫ್ರಿಜ್ ಬಾಗಿಲು ತೆಗೆದು ನಿಂತವರು ಮುಚ್ಚಲೇ ಇಲ್ಲ. ಎಂತ ಹುಡುಕ್ತಾ ಇದ್ದಾರೆ ಅಂತ ನೋಡಿದ್ರೆ, ಓಪನ್ ಮಾಡಿದ ಮೂರು ಉಪ್ಪಿನಕಾಯಿ ಬಾಟ್ಲಿ ಹೊರಗೆ ಸಾಲಾಗಿ ಇಟ್ಟಿದ್ದಾರೆ.

"ನಮ್ಮ ರೂಮಿನಲ್ಲಿ ಒಂದು ಖಾಲಿಯಾಗದೆ ಇನ್ನೊಂದರ ಮುಚ್ಚಳ ತೆಗೀಲಿಕ್ಕಿಲ್ಲ" ಅಂದ್ರು.

ಅಲ್ಲಿಂದ ಶುರು ಮಾರಾಯ್ರೆ, 'ನಮ್ಮ ರೂಮಿನಲ್ಲಿ.' ಇವರ ರೂಮ್ ಅಂದ್ರೆ ಗಲ್ಫಿನ ಒಂದು ಹಳೇ ಕಟ್ಟಡದ ಮೂರನೇ ಮಾಳಿಗೆ. ಆರು ಜನ ಗಂಡಸರು, ಮೇಲೊಂದು ಕೆಳಗೊಂದು ಮಂಚ, ಒಂದು ಅಡಿಗೆ ಕೋಣೆ, ಒಂದು ಫ್ರಿಜ್. ಅಡಿಗೆಗೆ ಪಾಳಿ, ಸ್ನಾನಕ್ಕೆ ಪಾಳಿ. ಎಲ್ಲ ಒಂದು ಪೇಪರಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು. ಇಸ್ತ್ರಿ ಶುಕ್ರವಾರ ಮಾತ್ರ, ಪೆಟ್ಟಿಗೆ ಒಮ್ಮೆ ಬಿಸಿಯಾದ್ರೆ ಆರು ಜನರ ಅಂಗಿಯೂ ಮುಗಿಯಬೇಕು. ಶಾಂಪೂ ಬಾಟ್ಲಿ ಮುಗಿದ ಮೇಲೆ ನೀರು ಹಾಕಿ ಕುಲುಕಿ ಇನ್ನೂ ಮೂರು ದಿನ. ಇವರು ಅದೇ ಪದ್ಧತಿಯನ್ನು ಸೀದಾ ತಂದು ನಮ್ಮ ಮನೆಯಲ್ಲಿ ಇಳಿಸಿದ್ರು. ನಮ್ಮ ಫ್ರಿಜ್ಜಿಗೂ ಒಂದು ಪೇಪರ್ ಬಂತು. ಫ್ರಿಜ್ಜಿನ ಒಳಗೆ ಮಾಂಯ್‌ಗೆ ಬೇರೆ ಶೆಲ್ಫು, ನನಗೆ ಬೇರೆ ಶೆಲ್ಫು.

"ಇದು ನಿನ್ನ ರೂಮಲ್ಲ ಪುತಾ" ಅಂದ್ರು ಮಾಂಯ್. "ನನ್ನ ಮೊಸರು ನಾನು ಬೇಕಾದಲ್ಲಿ ಇಡ್ತೇನೆ."

ಸುಳ್ಳು ಯಾಕೆ ಹೇಳಲಿ, ಇವರು ಹೇಳಿದ್ದರಲ್ಲಿ ಸರಿಯಾದದ್ದೂ ಇತ್ತು. ಯಾರೂ ನೋಡದ ಚಾನಲ್‌ಗಳಿಗೆ ನಾನು ವರ್ಷಗಟ್ಟಲೆ ದುಡ್ಡು ಕಟ್ತಾ ಇದ್ದೆ. ಹೊರಗಿನ ಲೈಟು ಬೆಳಕು ಹರಿದ ಮೇಲೂ ಉರೀತಾ ಇರ್ತಿತ್ತು. ಟ್ಯಾಂಕಿ ತುಂಬಿ ನೀರು ತೆಂಗಿನ ಬುಡಕ್ಕೆ ಬೀಳುವ ಶಬ್ದ ಕೇಳಿದ ಮೇಲೆ ನಾನು ಪಂಪು ಆಫ್ ಮಾಡುವುದು, ಅದೇ ನನಗೆ ಅಲಾರಂ. ಅದೆಲ್ಲ ನಿಲ್ಲಿಸಿದ್ರು. ಅಂಗಡಿಯ ರೇಟಿನ ಚೀಟಿ ಕೂಡ ಹರಿಯದ ಸೀರೆ ನನ್ನ ಕಪಾಟಿನಲ್ಲಿ ನಾಲ್ಕು ಉಂಟು ಅಂತ ಇವರೇ ಹುಡುಕಿ ತೋರಿಸಿದ್ರು. ಈ ಕ್ರಿಸ್ಮಸ್ಸಿಗೆ ಹೊಸ ಸೀರೆ ತೆಗೀಲಿಲ್ಲ. ಸತ್ತೇನೂ ಹೋಗಲಿಲ್ಲ.

ಅನ್ನದ ವಿಷಯದಲ್ಲಿ ಮಾತ್ರ ಇವರು ಸೋತ್ರು. ಕುಚ್ಚಲಕ್ಕಿ ಬೇಯಲಿಕ್ಕೆ ಗ್ಯಾಸು ಎಷ್ಟು ಹೋಗ್ತದೆ ಅಂತ ಲೆಕ್ಕ ಹಾಕಿ, ನಾಳೆಯಿಂದ ಬೆಳ್ತಿಗೆ ಅಕ್ಕಿ ಅಂದ್ರು. ರೂಮಿನಲ್ಲಿ ಹತ್ತು ನಿಮಿಷದಲ್ಲಿ ಅನ್ನ ಆಗ್ತಿತ್ತಂತೆ. ಮಾಂಯ್ ಎರಡು ದಿನ ಬಟ್ಟಲನ್ನು ಮುಂದೆ ದೂಡಿ ಕೂತ್ರು.

"ಈ ಬಿಳಿ ಅನ್ನ ಮದುವೆ ಊಟಕ್ಕೆ ಸಾಕು. ನನ್ನ ಹೊಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಗಂಜಿ ತಿಳಿ ಎಲ್ಲುಂಟು? ನಾನು ಎಂತ ಕುಡೀಲಿ, ನಿನ್ನ ಶಾಂಪೂ ನೀರಾ?"

ಮೂರನೇ ದಿನ ಕುಚ್ಚಲಕ್ಕಿ ವಾಪಸ್.

ಆಮೇಲೆ ಬಂತು ನನ್ನ ಸ್ಕೂಟರಿನ ಸರದಿ.

ಆ ಸ್ಕೂಟರಿಗೆ ಹನ್ನೆರಡು ವರ್ಷ. ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಇಗರ್ಜಿ, ಅಂದ್ರೆ ನಮ್ಮ ಚರ್ಚಿನ ಗ್ರೌಂಡಿನಲ್ಲಿ ಬಿದ್ದು ಎದ್ದು ಕಲಿತದ್ದು. ಎಡಗಡೆ ಕನ್ನಡಿಗೆ ಬಿರುಕು ಉಂಟು, ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದ್ರೆ ಸ್ವಲ್ಪ ವಾಲಿಸಿ ಕಿಕ್ ಹೊಡೀಬೇಕು. ಅದು ನನಗೆ ಮಾತ್ರ ಗೊತ್ತು. ಮೀನಿಗೆ, ಇಗರ್ಜಿಯ ಗಾಯನ ಮಂಡಳಿಗೆ, ಮಾಂಯ್‌ಯ ಮದ್ದಿಗೆ ಉಡುಪಿಗೆ, ಕರೆಂಟ್ ಬಿಲ್ಲಿಗೆ, ಎಲ್ಲದಕ್ಕೂ ಅದೇ. ತಿಂಗಳಿಗೊಂದು ಸಲ ಕಾರ್ಕಳಕ್ಕೆ, ನನ್ನ ತಂಗಿಯ ಮನೆಗೆ.

"ಒಂದು ಮನೆಗೆ ಎರಡು ಗಾಡಿ ಎಂತಕ್ಕೆ?" ಅಂದ್ರು ಇವರು. "ಇನ್ಶೂರೆನ್ಸ್ ಎರಡು, ಸರ್ವಿಸ್ ಎರಡು. ಆ ಟಯರ್ ನೋಡು, ಬದಲಿಸ್ಲೇಬೇಕು. ನಮ್ಮ ರೂಮಿನಲ್ಲಿ ಆರು ಜನರಿಗೆ ಒಂದು ಕಾರು. ನಾನು ಮನೆಯಲ್ಲೇ ಇದ್ದೇನಲ್ಲ, ಎಲ್ಲಿಗೆ ಬೇಕಾದ್ರೂ ಬಿಡ್ತೇನೆ."

ಹೇಳುವಾಗ ನ್ಯಾಯ ಅಂತಲೇ ಕಂಡಿತು. ಒಂದು ತಿಂಗಳು ನೋಡುವ ಅಂದೆ. ಸ್ಕೂಟರಿಗೆ ಹಳೇ ಬೆಡ್‌ಶೀಟು ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದೆವು.

ಈ ಒಂದು ತಿಂಗಳಿನ ಸುಖ ಕೇಳಿ. ಕಾಪು ಪೇಟೆಯಲ್ಲಿ ನಾನು ಮೀನು ತೆಗೆಯುವಾಗ ಇವರು ಹಿಂದೆ ಕೈಕಟ್ಟಿ ನಿಲ್ಲುವುದು. ನಾನು ಬಂಗುಡೆಗೆ ಕೈ ಹಾಕಿದ್ರೆ "ಬೂತಾಯಿ ಸಾಕಲ್ಲ" ಅನ್ನುವುದು. ಮೀನಿನವಳು ನನ್ನನ್ನು ಎಷ್ಟೋ ವರ್ಷದಿಂದ ಕಂಡವಳು. ನಮ್ಮ ಕ್ರಿಶ್ಚಿಯನ್ ಹೆಂಗಸರು ಅವಳಿಗೆ ಬಾಯಮ್ಮ, ಗಂಡಸರು ಪೊರ್ಬುಗಳು. ಬುಟ್ಟಿಯಿಂದ ತಲೆ ಎತ್ತದೆ ಕೇಳಿದಳು, "ಬಾಯಮ್ಮ, ಇವರು ಯಾರು, ಹೊಸ ಸೂಪರ್‌ವೈಸರಾ?"

"ನನ್ನ ಗಂಡ ಮಾರಾಯ್ತಿ."

"ಓ, ಪೊರ್ಬುಗಳಾ! ಇದ್ದಾರಾ? ನಾನು ಫೋನಲ್ಲಿ ಮಾತ್ರ ಇರುವುದು ಅಂತ ಎಣಿಸಿದ್ದೆ."

ಗಾಯನ ಮಂಡಳಿಯ ಪ್ರಾಕ್ಟೀಸು ಮುಗಿಯುವ ಮೊದಲೇ ಹೊರಗೆ ಹಾರ್ನ್. ಉಡುಪಿಯಲ್ಲಿ ಪಾರ್ಕಿಂಗ್ ಹುಡುಕಿ ಮೂರು ಸುತ್ತು, ಮಣಿಪಾಲದಲ್ಲಿ ಸ್ಟೂಡೆಂಟ್‌ಗಳ ಬೈಕುಗಳ ನಡುವೆ ಕಾರು ಸಿಕ್ಕಿಸಿ ಹಿಂದೆಯೂ ಇಲ್ಲ ಮುಂದೆಯೂ ಇಲ್ಲ. ಮಾಂಯ್‌ಯ ಕಣ್ಣಿನ ಡಾಕ್ಟರ ಹತ್ತಿರ ನಮ್ಮ ಟೋಕನ್ ದಾಟಿ ಹೋಯ್ತು. ಮಾಂಯ್ ಹಿಂದಿನ ಸೀಟಿನಲ್ಲಿ ಕೂತು ಜಪಮಾಲೆ ಒಂದು ಸುತ್ತು ಮುಗಿಸಿ ಎರಡನೇ ಸುತ್ತು ಶುರು ಮಾಡಿದ್ರು.

ಅದೂ ಪರವಾಗಿಲ್ಲ. ನನಗೆ ಕುತ್ತಿಗೆಗೆ ಬಂದದ್ದು ಆ ಫ್ರಿಜ್ಜಿನ ಪೇಪರ್. ಪೆಟ್ರೋಲ್ ಉಳಿಸಲಿಕ್ಕೆ ಎಲ್ಲ ಕೆಲಸ ಒಟ್ಟು ಮಾಡಿ ಒಂದೇ ದಿನ ಹೋಗುವುದು ಅಂತ ಮಾಡಿದ್ರು. ಮಂಗಳವಾರ ಉಡುಪಿ, ಮಣಿಪಾಲ. ಬೇರೆ ಎಲ್ಲಿಗಾದ್ರೂ ಹೋಗ್ಲಿಕ್ಕುಂಟಾದ್ರೆ ಪೇಪರಿನಲ್ಲಿ ಬರೀಬೇಕು. ಊರಿನ ಹೆಸರು ಒಂದು ಕಡೆ, ಕಾರಣ ಒಂದು ಕಡೆ. ನಾನು ಶನಿವಾರದ ಎದುರು 'ಕಾರ್ಕಳ' ಅಂತ ಬರೆದೆ. ಕಾರಣದ ಜಾಗ ಖಾಲಿ ಬಿಟ್ಟೆ.

"ಕಾರ್ಕಳಕ್ಕೆ ಎಂತಕ್ಕೆ?" ಕೇಳಿದ್ರು ಇವರು, ಪೆನ್ನು ಹಿಡಿದುಕೊಂಡು.

"ತಂಗಿಯ ಮನೆಗೆ."

"ಅದು ಗೊತ್ತುಂಟು. ಎಂತ ಕೆಲಸಕ್ಕೆ?"

"ಕೆಲಸ ಎಂತದೂ ಇಲ್ಲ. ಸುಮ್ಮನೆ."

"ಸುಮ್ಮನೆ ಆದ್ರೆ ಅವಳ ಹತ್ತಿರ ಬ್ಲೌಸ್ ಹೊಲಿಸ್ಲಿಕ್ಕೆ ಇರುವಾಗ ಹೋಗುವ. ಎರಡೂ ಒಟ್ಟಿಗೆ ಆಗ್ತದೆ." ಹೇಳಿ, ಕಾರ್ಕಳದ ಮೇಲೆ ಒಂದು ಗೆರೆ ಎಳೆದ್ರು. ಸಿಟ್ಟಿನಲ್ಲಿ ಅಲ್ಲ, ಅಯ್ಯೋ, ಇವರಿಗೆ ಸಿಟ್ಟು ಬರುವುದೇ ಇಲ್ಲ. ಸ್ಟೋರಿನಲ್ಲಿ ಬೇಡದ ಐಟಂ ಮೇಲೆ ಎಳೆಯುವ ಹಾಗೆ, ಸಮಾಧಾನದಲ್ಲಿ ಎಳೆದ್ರು.

ನಾನು ಹನ್ನೆರಡು ವರ್ಷ ಈ ಮನೆಯನ್ನು ಆ ಸ್ಕೂಟರಿನ ಮೇಲೆ ನಡೆಸಿದವಳು. ಎಲ್ಲಿಗೆ ಹೋಗ್ತಿ ಅಂತ ಮಾಂಯ್ ಕೇಳ್ತಿದ್ರು, ಎಂತಕ್ಕೆ ಹೋಗ್ತಿ ಅಂತ ಒಬ್ಬರೂ ಕೇಳಿದ್ದಿಲ್ಲ. ಆ ಗೆರೆ ನೋಡಿದ ಕೂಡಲೇ ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಇಪ್ಪತ್ನಾಲ್ಕು ವರ್ಷ ದುಡಿದು ಬಂದವರ ಹತ್ತಿರ ಹೇಗೆ ಜಗಳ ಮಾಡುವುದು ಅಂತ ಒಂದು ಮುಲಾಜು. ನನಗೆ ಆ ಮುಲಾಜಿನದ್ದೇ ರೋಗ.

ತಿಂಗಳು ಮುಗಿದ ಕೂಡಲೇ ಇವರು ಗಿರಾಕಿ ಹುಡುಕಿದ್ರು. ಹೆಜಮಾಡಿಯಲ್ಲಿ ಮೀನಿನ ಬೋಟಿಗೆ ಹೋಗುವವರೊಬ್ಬರು. ಅವರ ಹೆಂಡತಿ ಅಂಗನವಾಡಿ ಟೀಚರ್, ಅವರಿಗೆ ಓಡಾಡಲಿಕ್ಕೆ ಒಂದು ಹಳೇ ಗಾಡಿ ಬೇಕಿತ್ತು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಬಂದ್ರು. ನಾನು ಅಡಿಗೆ ಕೋಣೆಯಿಂದ ನೈಟಿಯ ಮೇಲೆ ಒಂದು ಶಾಲು ಹಾಕಿ ಹೊರಗೆ ಬಂದೆ.

ಗಂಡಸರಿಬ್ಬರು ಟಯರ್ ಒತ್ತಿ ನೋಡ್ತಾ ಇದ್ರು. ಆ ಟೀಚರ್ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದು, ಇಳಿದು, ನನ್ನ ಹತ್ತಿರ ಬಂದ್ರು.

"ಇಷ್ಟು ಚೆಂದ ಇಟ್ಟಿದ್ದೀರಲ್ಲ ಅಕ್ಕ. ಎಂತಕ್ಕೆ ಕೊಡುವುದು ನೀವು?"

"ಮನೆಗೆ ಒಂದು ಗಾಡಿ ಸಾಕಲ್ಲ" ಅಂತ ಇವರೇ ಆಚೆಯಿಂದ ಉತ್ತರ ಕೊಟ್ರು.

ಟೀಚರ್ ಇವರ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡ್ತಾ ನಿಂತ್ರು.

ಇವರು ಕಿಕ್ ಹೊಡೆದ್ರು. ಒಂದು, ಎರಡು, ಆರು. ಸ್ಟಾರ್ಟ್ ಆಗಲಿಲ್ಲ. "ನೀನು ಒಮ್ಮೆ ನೋಡು ಮಾರಾಯ್ತಿ, ಸ್ವಲ್ಪ ಓಡಿಸಿ ತೋರಿಸು" ಅಂದ್ರು, ಬೆವರು ಒರೆಸಿಕೊಂಡು. ನಾನು ವಾಲಿಸಿ ಒಂದೇ ಕಿಕ್ ಹೊಡೆದೆ. ಸ್ಟಾರ್ಟ್. ಹೆಲ್ಮೆಟ್ ಕನ್ನಡಿಯಲ್ಲೇ ನೇತಾಡ್ತಿತ್ತು, ಹಾಕಿಕೊಂಡೆ. ಅಷ್ಟು ಬುದ್ಧಿ ಇತ್ತು. ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ಗೇಟು ತೆರೆದೇ ಇತ್ತು.

ಗೇಟು ದಾಟಿದೆ. ರೋಡಿನ ತನಕ ಹೋಗಿ ತಿರುಗಿಸುವ ಅಂತಲೇ ಇದ್ದದ್ದು, ದೇವರಾಣೆ. ರೋಡಿಗೆ ಬಂದ ಮೇಲೆ ಶಿರ್ವದ ಕಡೆಗೆ ಹೋಯ್ತು ಗಾಡಿ. ನಾನೇ ಬಿಟ್ಟದ್ದು, ಗಾಡಿಯ ಮೇಲೆ ಹಾಕುವುದು ಬೇಡ.

ಶಿರ್ವದಲ್ಲಿ ಪೆಟ್ರೋಲ್ ಮುಗಿಯುವ ಹಾಗೆ ಆಯ್ತು. ಕೈಯಲ್ಲಿ ಪರ್ಸ್ ಇಲ್ಲ, ಫೋನು ಅಡಿಗೆ ಕೋಣೆಯ ಕಿಟಕಿಯಲ್ಲಿ. ಸೀಟಿನ ಅಡಿಯಲ್ಲಿ ಆರ್‌ಸಿ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ನೋಟು ಇರ್ತದೆ, ಅದನ್ನು ಕೊಟ್ಟು ಹಾಕಿಸಿದೆ. ಬಂಕಿನ ಹುಡುಗಿ ನನ್ನ ನೈಟಿಯನ್ನೂ ಬಚ್ಚಲಿನ ಚಪ್ಪಲಿಯನ್ನೂ ನೋಡಿ, "ಅರ್ಜೆಂಟಾ ಆಂಟಿ?" ಅಂತ ಕೇಳಿದಳು. ಹೌದು ಅಂದೆ. ಬೆಳ್ಮಣ್ ದಾಟಿ ನಿಟ್ಟೆಯ ಹತ್ತಿರ ಬರುವಾಗ ಗಾಳಿ ತಂಪಾಯ್ತು. ಮನೆಯಲ್ಲಿ ಇಬ್ಬರು ಮನುಷ್ಯರನ್ನು ಅಂಗಳದಲ್ಲಿ ನಿಲ್ಲಿಸಿ ಬಂದಿದ್ದೇನೆ ಅಂತ ಆಗ ನೆನಪಾದದ್ದು. ನಾಚಿಕೆ ಆಯ್ತು. ಆದ್ರೂ ತಿರುಗಿಸಲಿಲ್ಲ.

ಕಾರ್ಕಳದಲ್ಲಿ ತಂಗಿ ಹೊಲಿಗೆ ಮೆಷಿನಿನ ಎದುರು ಕೂತಿದ್ದವಳು ಕಾಲು ನಿಲ್ಲಿಸಿದಳು. ಅವಳು ಮಾತಾಡುವಾಗಲೂ ಮೆಷಿನು ನಿಲ್ಲಿಸುವವಳಲ್ಲ.

"ನೈಟಿಯಲ್ಲಿ ಬಂದದ್ದಾ! ಯಾರಾದ್ರೂ ಸತ್ರಾ?"

"ಇಲ್ಲ."

"ಬಾವ ಹೊಡೆದ್ರಾ?"

"ಆ ಜನ ಸೊಳ್ಳೆಗೂ ಹೊಡೆಯುವುದಿಲ್ಲ. ಸುಮ್ಮನೆ ಬಂದೆ."

ಅವಳು ಒಂದು ಲೋಟ ನೀರು ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಮನೆಗೆ ಫೋನು ಮಾಡಿದಳು. ಎತ್ತಿದ್ದು ಮಾಂಯ್. ಆ ಕಡೆಯ ಮಾತು ನನಗೂ ಕೇಳ್ತಿತ್ತು. "ನನಗೆ ಗೊತ್ತಿತ್ತು. ಅವನು ಗೇಟಿನಲ್ಲಿ ನಿಂತು ನೋಡ್ತಾ ಇದ್ದ. ಬಂದವರಿಗೆ ನಾನು ಚಾ ಕೊಟ್ಟು, ಟ್ರಯಲ್ ಸ್ವಲ್ಪ ಉದ್ದ ಆಗ್ತದೆ, ಕೂತ್ಕೊಳ್ಳಿ ಅಂದೆ. ಎರಡನೇ ಚಾ ಆದ ಮೇಲೆ ಅವರು ಎದ್ದು ಹೋದ್ರು. ಇವನು ಈಗ ಕಾರು ತೆಗೆದ. ಊಟಕ್ಕೆ ಅಲ್ಲಿಗೆ ಬರ್ತಾನೆ, ಅವನಿಗೂ ಸೇರಿಸಿ ಅನ್ನ ಇಡು."

ಒಂದು ಗಂಟೆಗೆ ಬಿಳಿ ಕಾರು ಬಂತು. ಇವರ ಕೈಯಲ್ಲಿ ಒಂದು ಬಟ್ಟೆ ಅಂಗಡಿಯ ಚೀಲ. ಒಳಗೆ ನನ್ನ ಚೂಡಿದಾರು, ಫೋನು, ಪರ್ಸು, ಒಳ್ಳೆಯ ಚಪ್ಪಲಿ. "ಮಾಂಯ್ ಕಳಿಸಿದ್ದು" ಅಂದ್ರು. ತಂಗಿ ಕೋಳಿ ಸಾರು ಬಡಿಸಿದಳು, ಇವರು ತಲೆ ಬಗ್ಗಿಸಿ ಉಂಡ್ರು. ಬಟ್ಟಲು ತೊಳೆಯಲಿಕ್ಕೆ ಎದ್ದವರನ್ನು ತಂಗಿ ತಡೆದು, "ಬಾವ, ಇವಳನ್ನು ಆನೆಕೆರೆಯ ಹತ್ತಿರ ಕರ್ಕೊಂಡು ಹೋಗಿ. ನನಗೆ ಆರು ಬ್ಲೌಸ್ ಉಂಟು, ನಿಮ್ಮಿಬ್ಬರ ಮುಖ ನೋಡಿಕೊಂಡು ಹೊಲೀಲಿಕ್ಕೆ ಆಗುವುದಿಲ್ಲ" ಅಂದಳು.

ನಡೆದುಕೊಂಡೇ ಹೋದೆವು. ಕೆರೆಯ ದಂಡೆಯಲ್ಲಿ ಒಂದು ಕಲ್ಲು ಬೆಂಚಿಗೆ ನೆರಳು ಇತ್ತು. ತಂಗಿಯ ಮನೆಗೆ ಬಂದಾಗಲೆಲ್ಲ ನಾನು ಅಲ್ಲಿ ಅರ್ಧ ಗಂಟೆ ಕೂರುವುದು. ಎಂತ ನೋಡುವುದು ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ. ನೀರು ಉಂಟು, ಹಕ್ಕಿ ಬರ್ತದೆ. ಅಷ್ಟೇ.

ನಾನೇ ಶುರು ಮಾಡಿದೆ. "ನೋಡಿ, ಉಪ್ಪಿನಕಾಯಿ, ಚಾನಲ್, ಲೈಟು, ಎಲ್ಲ ನೀವು ಹೇಳಿದ ಹಾಗೆ. ಸ್ಕೂಟರ್ ಮಾತ್ರ ನಾನು ಕೊಡುವುದಿಲ್ಲ. ಅದರ ಟಯರ್ ಇವತ್ತೇ ಒಡೆದು ಹೋದ್ರೂ ಕೊಡುವುದಿಲ್ಲ. ಕೇಳಿ ಹೋಗುವ ಅಭ್ಯಾಸ ನನಗೆ ಬಿಟ್ಟು ಹೋಗಿದೆ. ಈ ವಯಸ್ಸಿನಲ್ಲಿ ಇನ್ನು ಪುನಃ ಕಲೀಲಿಕ್ಕೆ ಆಗುವುದಿಲ್ಲ."

ಇವರು ಒಂದು ಕಲ್ಲು ಹೆಕ್ಕಿ ಕೆರೆಗೆ ಬಿಸಾಡಿದ್ರು. ಆಮೇಲೆ, ಪುನಃ, "ನಮ್ಮ ರೂಮಿನಲ್ಲಿ" ಅಂದ್ರು. ನನಗೆ ಎದ್ದು ಕೆರೆಗೆ ಹಾರುವ ಅಂತ ಆಯ್ತು.

"ನಮ್ಮ ರೂಮಿನಲ್ಲಿ ಒಬ್ಬನಿಗೆ ಮಾತ್ರ ಕಾರಿತ್ತು. ಶುಕ್ರವಾರ ಅವನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ನಾವೆಲ್ಲ. ನನಗೆ ಸಮುದ್ರದ ಹತ್ತಿರ ಹೋಗಬೇಕು ಅಂತ ಆಗ್ತಿತ್ತು. ಅವನಿಗೆ ಮಾಲ್ ಇಷ್ಟ. ಮಾಲಿಗೆ ಹೋಗಿ ಎಂತದೂ ತಗೊಳ್ಳದೆ ತಿರುಗಿ ಬರುವುದು. ಪೆಟ್ರೋಲಿಗೆ ಪಾಲು ಕೊಡುವುದು." ಕಾರಿನ ಕೀಯನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ್ರು. "ಊರಿಗೆ ಹೋದ ಮೇಲೆ ಒಂದು ಕಾರು ತೆಗೀಬೇಕು, ನಿನ್ನನ್ನು ಪಕ್ಕದಲ್ಲಿ ಕೂರಿಸಿ ತಿರುಗಬೇಕು ಅಂತ ಇತ್ತು ನನಗೆ. ಕಾರು ತೆಗೆದೆ. ನಾನು ಅಂಗಿ ಹಾಕಿ ಹೊರಗೆ ಬರುವಾಗ ನೀನು ಹೆಲ್ಮೆಟ್ ಹಾಕಿ ಗೇಟಿನ ಹತ್ತಿರ ಇರ್ತಿ."

ನನಗೆ ಅಳುವೂ ಬಂತು, ನಾಲ್ಕು ಬಡಿಯುವ ಅಂತಲೂ ಆಯ್ತು. "ಅದನ್ನು ಹಾಗೇ ಹೇಳಬಾರದಾ ಮಾರಾಯ್ರೆ? ಇನ್ಶೂರೆನ್ಸು, ಟಯರು, ಸರ್ವಿಸು ಅಂತ ಎಂತಕ್ಕೆ ಊರೆಲ್ಲ ಸುತ್ತಿದ್ದು?"

"ಅದನ್ನೆಲ್ಲ ಹೇಳ್ಲಿಕ್ಕೆ ಆಗ್ತದಾ?" ಅಂದ್ರು ಇವರು, ನೀರಿನ ಕಡೆ ನೋಡಿಕೊಂಡು. ಕಿವಿ ಕೆಂಪಾಗಿತ್ತು. ಐವತ್ತಾರು ವರ್ಷದ ಗಂಡಸು.

ಗಲ್ಫಿನವರನ್ನು ಮದುವೆಯಾದ ಹೆಂಗಸರಿಗೆ ಇದು ಅರ್ಥ ಆಗ್ತದೆ. ನಾವು ಗಂಡನ ಹತ್ತಿರ ಮಾತಾಡಿದ್ದೆಲ್ಲ ಖರ್ಚಿನ ಬಗ್ಗೆಯೇ. ಫೋನಿನಲ್ಲಿ ಹತ್ತು ನಿಮಿಷ ಸಿಕ್ಕಿದ್ರೆ ಫೀಸು, ಮದ್ದು, ಮಾಡಿಗೆ ಹಂಚು. ಅವರಿಗೂ ಬೇರೆ ಮಾತು ಗೊತ್ತಿಲ್ಲ, ನಮಗೂ ಇಲ್ಲ. ಪಕ್ಕದಲ್ಲಿ ಕೂರು ಅಂತ ಹೇಳಬೇಕಾದ್ರೂ ಇನ್ಶೂರೆನ್ಸಿನಿಂದ ಶುರು ಮಾಡಬೇಕು.

"ಕರೆದ್ರೆ ಬರ್ತೇನೆ" ಅಂದೆ. "ಆದ್ರೆ ಬಾಯಲ್ಲಿ ಕರೀಬೇಕು. ಪೇಪರಿನಲ್ಲಿ ಬರೆದು ಅಂಟಿಸಿದ್ರೆ ಬರುವುದಿಲ್ಲ. ಸ್ಕೂಟರೂ ಇರ್ತದೆ."

"ಇರಲಿ" ಅಂದ್ರು.

ಅಲ್ಲಿಂದಲೇ ಹೆಜಮಾಡಿಗೆ ಫೋನು ಮಾಡಿದ್ರು. "ನಮಸ್ಕಾರ, ಬೇಜಾರು ಮಾಡಿಕೊಳ್ಳಬೇಡಿ, ಆ ಗಾಡಿ ಕೊಡುವುದಿಲ್ಲ. ಗಾಡಿಯವರಿಗೆ ಮನಸ್ಸಿಲ್ಲ." ಆ ಕಡೆಯಿಂದ ಗಂಡಸು ಎಂತದೋ ಹೇಳುವ ಮೊದಲೇ ಟೀಚರ್ ಫೋನು ತಗೊಂಡ ಹಾಗೆ ಕಾಣ್ತದೆ. ಅವರ ಸ್ವರ ನನಗೂ ಸ್ಪಷ್ಟ ಕೇಳಿಸ್ತು.

"ನನಗೆ ಆಗಲೇ ಗೊತ್ತಾಯ್ತು ಸರ್. ಅವರು ಗೇಟು ದಾಟುವಾಗ ಬ್ರೇಕೇ ಹಿಡಿಯಲಿಲ್ಲ."

ನಾನು ಆ ಟೀಚರಿಗೆ ಆಮೇಲೆ ಫೋನು ಮಾಡಿ ತಪ್ಪಾಯ್ತು ಅಂತ ಹೇಳಿದೆ, ಅದು ಬೇರೆ ವಿಷಯ. ಎಲ್ಲೂರಿನ ಕಡೆ ಇನ್ನೊಂದು ಗಾಡಿ ಸಿಕ್ಕಿದೆಯಂತೆ ಅವರಿಗೆ. ನನ್ನದಕ್ಕಿಂತ ಹೊಸತು.

ಸಂಜೆ ನಾಲ್ಕೂವರೆಗೆ ಕಾರ್ಕಳದಿಂದ ಹೊರಟೆವು. ಚೂಡಿದಾರು ಹಾಕಿ, ಒಳ್ಳೆಯ ಚಪ್ಪಲಿ ಹಾಕಿ ನಾನು ಸ್ಕೂಟರಿನಲ್ಲಿ ಮುಂದೆ. ಹಿಂದಿನಿಂದ ಬಿಳಿ ಕಾರು, ಒಂದೊಂದು ಸಲ ಇಪ್ಪತ್ತರ ಸ್ಪೀಡಿನಲ್ಲಿ. ಒಂದೇ ಮನೆಗೆ, ಒಂದೇ ಹೊತ್ತಿಗೆ, ಒಂದೇ ರೋಡಿನಲ್ಲಿ ಎರಡು ಗಾಡಿ. ಇದಕ್ಕಿಂತ ದಂಡದ ಪೆಟ್ರೋಲ್ ನಮ್ಮ ವಂಶದಲ್ಲಿ ಯಾರೂ ಸುಟ್ಟಿರಲಿಕ್ಕಿಲ್ಲ. ಬೆಳ್ಮಣ್ ದಾಟಿದ ಮೇಲೆ ಒಂದು ಕಡೆ ನಾನು ಸ್ಲೋ ಮಾಡಿ ಬದಿಗೆ ಬಂದೆ. ಇವರೂ ಪಕ್ಕಕ್ಕೆ ತಂದು ಗ್ಲಾಸು ಇಳಿಸಿದ್ರು. ಎಸಿ ಹಾಕಿರಲಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು.

"ಎಂತ?" ಕೇಳಿದ್ರು.

"ಎಂತ ಇಲ್ಲ. ನೀವು ಬೇಕಾದ್ರೆ ಮುಂದೆ ಹೋಗಿ, ನನಗೋಸ್ಕರ ನಿಧಾನ ಮಾಡುವುದು ಬೇಡ."

"ನನಗೆ ಮನೆಯಲ್ಲಿ ಎಂತ ಕೆಲಸ ಉಂಟು?" ಅಂದ್ರು ಇವರು. "ನೀನು ಹೋಗು ಮಾರಾಯ್ತಿ, ಹಿಂದೆ ಬಸ್ಸು ಬರ್ತಾ ಉಂಟು."